ಅತ್ತೆ ಅರ್ಥ ಹೇಳಿದ ಮಧ್ಯಾಹ್ನ

ಮದ್ದಳೆಯ ಅಂಚಿಗೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟಿ ಶ್ರುತಿ ಕೂಡಿಸುವ ಒಂದು ಸದ್ದುಂಟಲ್ಲ, ಅದು ಹೋದ ಭಾನುವಾರ ಐರೋಲಿಯ ಹಾಲ್‌ನಲ್ಲಿ ನನ್ನ ಕಿವಿಗೆ ಬಿದ್ದದ್ದೇ ತಡ, ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲಿನ ಎ.ಸಿ., ಪಕ್ಕದಲ್ಲಿ ಮೊಬೈಲ್ ಎತ್ತಿ ಹಿಡಿದುಕೊಂಡಿದ್ದ ಅಳಿಯ, ಎಲ್ಲ ಎಲ್ಲಿಗೋ ಹೋಯಿತು. ಮೂಗಿಗೆ ಫಿನೈಲ್ ಹಾಕಿ ಒರೆಸಿದ ಹಸಿ ನೆಲದ ವಾಸನೆ ಬಂತು. ಅದರೊಳಗೆ ಸೇರಿಕೊಂಡ ಇಂಗಿನ ಒಗ್ಗರಣೆ, ತೊಳೆದು ಕವುಚಿಟ್ಟ ಹಿತ್ತಾಳೆ ಪಾತ್ರೆಗಳು, ನೆನೆಹಾಕಿದ ಉದ್ದಿನಬೇಳೆ. ಅರವತ್ತು ವರ್ಷ ಎಲ್ಲಿ ಅಡಗಿ ಕೂತಿತ್ತೋ ಆ ವಾಸನೆ! ನಾನು ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ನೋಡಿ ಅಳಿಯ, "ಏನತ್ತೆ, ಎ.ಸಿ. ಜಾಸ್ತಿ ಆಯ್ತಾ?" ಎಂದು ಕೇಳಿದ. ಪಾಪ, ಅವನಿಗೇನು ಗೊತ್ತು. ನಾನು ಆಗ ಐರೋಲಿಯಲ್ಲಿ ಇರಲೇ ಇಲ್ಲ. ಠಾಣೆಯಲ್ಲಿದ್ದೆ, ಕೆರೆಯ ಹತ್ತಿರದ ನಮ್ಮ ಹೋಟೆಲಿನಲ್ಲಿ, ಅಡಿಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತಿದ್ದೆ.

ಅಂದು ಹಾಲ್‌ನಲ್ಲಿ ಹೆಂಗಸರ ತಾಳಮದ್ದಳೆ. ನನ್ನ ಮೊಮ್ಮಗಳು ಶ್ರಾವ್ಯಾ ಮೊದಲ ಸಲ ಅರ್ಥ ಹೇಳುವವಳಿದ್ದಳು. ಈ ಹುಡುಗಿ ಹುಟ್ಟಿದ್ದು ಡೊಂಬಿವಲಿಯಲ್ಲಿ, ಬೆಳೆದದ್ದು ಐರೋಲಿಯಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಜಗಳಕ್ಕೆ ಮಾತ್ರ ಮರಾಠಿ. ಅಂಥವಳು ರೇಷ್ಮೆ ಸೀರೆಯುಟ್ಟು, ಮೈಕಿನ ಮುಂದೆ ಕೂತು, "ಮಹಾರಾಜಾ, ನನ್ನದೊಂದು ಪ್ರಶ್ನೆಯುಂಟು" ಎಂದು ಶುರುಮಾಡಿದಳು ನೋಡಿ, ನನ್ನ ಎದೆ ಪೂರಿ ಉಬ್ಬಿದ ಹಾಗೆ ಉಬ್ಬಿತು. ಮಧ್ಯದಲ್ಲಿ ಒಂದು ಕಡೆ ಬಾಯಿ ತಪ್ಪಿ "ಮತ್ಲಬ್" ಎಂದುಬಿಟ್ಟಳು. ಹಾಲ್ ಗೊಳ್ಳೆಂದು ನಕ್ಕಿತು. ಅವಳೂ ನಕ್ಕು, "ಅಂದರೆ, ಮಹಾರಾಜಾ..." ಎಂದು ಹಿಡಿದ ಎಳೆ ಬಿಡದೆ ಮುಂದೆ ಹೋದಳು. ಚಪ್ಪಾಳೆಯೋ ಚಪ್ಪಾಳೆ. ಮನೆಗೆ ಬಂದು ಸೀರೆಯನ್ನೂ ಬದಲಿಸದೆ ನನ್ನ ಮಂಚದಲ್ಲಿ ಕೂತು ಕೇಳಿದಳು, "ಅಜ್ಜಿ, ಆಪ್ ಕೆ ಟೈಮ್ ಮೇ ಲೇಡೀಸ್ ಅರ್ಥ ಬೋಲ್ತೀ ಥೀ ಕ್ಯಾ?" ನಮ್ಮ ಕಾಲದಲ್ಲಿ ಹೆಂಗಸರು ಅರ್ಥ ಹೇಳುತ್ತಿರಲಿಲ್ಲ ಮಗಾ ಎಂದೆ. ಮತ್ತೆ, ಒಬ್ಬಳು ಹೇಳಿದ್ದಳು ಎಂದೆ. ಒಂದೇ ಸಲ. ಕೇಳಿದವಳು ಬಿಡಬೇಕಲ್ಲ, "ಲಿಖೋ ನಾ ಅಜ್ಜಿ" ಎಂದು ಪೆನ್ನು ಕೈಗೆ ಕೊಟ್ಟಳು. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತದ್ದು. ಒತ್ತಕ್ಷರ ತಪ್ಪಿದರೆ ಓದುವವರು ಸುಧಾರಿಸಿಕೊಳ್ಳಬೇಕು. ಖುಷಿ ಎಷ್ಟಾಗಿದೆ ಎಂದರೆ ತಪ್ಪಾದರೂ ಚಿಂತೆಯಿಲ್ಲ.

ಆಗಿನ ಠಾಣೆಯನ್ನು ಕಂಡವರು ನನ್ನ ಹಾಗೆ ಇನ್ನೂ ಕೆಲವರಾದರೂ ಇರಬಹುದು. ಹೆಂಚಿನ ಮನೆಗಳು, ಕುದುರೆ ಗಾಡಿ, ಸಂಜೆಯಾದರೆ ಕೆರೆಯ ಕಡೆಯಿಂದ ತಣ್ಣಗೆ ಬರುವ ಗಾಳಿ. ಅಪ್ಪ ಉಡುಪಿಯ ಕಡೆಯಿಂದ ಬಂದು ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಹೋಟೆಲು ಹಿಡಿದಿದ್ದರು. ಮುಂದೆ ಹೋಟೆಲು, ಮಧ್ಯೆ ಅಡಿಗೆಮನೆ, ಹಿಂದೆ ನಮ್ಮ ಸಂಸಾರದ ಎರಡು ಕೋಣೆ, ಮೇಲಿನ ಅಟ್ಟದಲ್ಲಿ ಕೆಲಸದವರ ಚಾಪೆಗಳು. ಮನೆ ಎಲ್ಲಿ ಮುಗಿಯಿತು, ಹೋಟೆಲು ಎಲ್ಲಿ ಶುರುವಾಯಿತು ಎಂದು ಕೇಳಿದರೆ ಅಡಿಗೆಮನೆಯ ಬಾಗಿಲಿನ ಹಸಿರು ಪರದೆಯೇ ಗಡಿ. ಅದರಿಂದಾಚೆಗೆ ಮನೆಯ ಹೆಂಗಸರು ಕಾಲಿಡುತ್ತಿರಲಿಲ್ಲ. ನಾನು ಚಿಕ್ಕವಳು, ನನಗೆ ತಡೆಯಿರಲಿಲ್ಲ. ನಮ್ಮದೇ ಹೋಟೆಲಿನ ಕಲ್ಲಿನ ಮೇಜಿನ ಮುಂದೆ ಅಮ್ಮ ಒಂದು ದಿನ ಕೂತದ್ದಿಲ್ಲ. ನೂರಾರು ಜನ ತಿಂದು ಹೊಗಳುವ ಚಟ್ನಿ ಅಮ್ಮ ರುಬ್ಬಿದ್ದೇ. ಅದನ್ನು ತಿನ್ನುವವರ ಮುಖ ಅಮ್ಮನಿಗೆ ಗೊತ್ತಿರಲಿಲ್ಲ. ಗಲ್ಲೆಯಲ್ಲಿ ಕೂತುಕೊಳ್ಳುತ್ತಿದ್ದವರು ಅಮ್ಮನ ತಮ್ಮ, ನಮ್ಮ ವಾಸು ಮಾವ. ಎಲೆ ಅಡಿಕೆ ಹಾಕಿ ಕೆಂಪಾದ ಬಾಯಿ, ಉದ್ದ ಬೆರಳು, ಗಿರಾಕಿ ಇಲ್ಲದಾಗ ಮೇಜಿನ ಮೇಲೆ ಬೆರಳಲ್ಲೇ ತಾಳ. ನನಗೆ ಅಕ್ಷರ ಕಲಿಸಿದವರೂ ಅವರೇ. ಮಸಾಲೆ ಡಬ್ಬದ ಮೇಲೆ ಬಳಪದಲ್ಲಿ ಬರೆಸಿ ಕಲಿಸಿದರು.

ಊಟದ ಗಿರಾಕಿ ಮುಗಿದು, ಸಂಜೆಯ ಚಾ ಶುರುವಾಗುವ ಮೊದಲು ಹೋಟೆಲಿಗೆ ಸ್ವಲ್ಪ ಬಿಡುವು. ಬೇರೆ ಹೋಟೆಲುಗಳಲ್ಲಿ ಆ ಹೊತ್ತಿಗೆ ಎಲ್ಲರೂ ಕಾಲು ಚಾಚಿ ಮಲಗುತ್ತಿದ್ದರು. ನಮ್ಮಲ್ಲಿ ವಾರಕ್ಕೊಮ್ಮೆ ಮೇಜು ಸರಿಸಿ, ನೆಲ ಒರೆಸಿ, ಚಾಪೆ ಹಾಸಿ ತಾಳಮದ್ದಳೆ. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ ಎಂದು ಹೇಳುತ್ತೇನೆ: ಇದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಕಥೆಯ ಒಂದು ಪದ ಹಾಡುತ್ತಾರೆ. ಹಾಡು ಮುಗಿದ ಮೇಲೆ ಆ ಪಾತ್ರದವರು ಅದರ ಅರ್ಥ ಮಾತಿನಲ್ಲಿ ಹೇಳಬೇಕು. ಹಾಡು ಮೊದಲೇ ಕಟ್ಟಿದ್ದು. ಮಾತು ಆಗಿಂದಾಗ ಹುಟ್ಟಬೇಕು. ಒಬ್ಬರು ಕೇಳಿದ್ದಕ್ಕೆ ಎದುರಿನವರು ಉತ್ತರ ಕೊಡಲೇಬೇಕು. ಉತ್ತರ ತೋಚದೆ ತಡವರಿಸುವವರನ್ನು ಭಾಗವತರು ಮುಂದಿನ ಪದ ಎತ್ತಿ ಪಾರು ಮಾಡುತ್ತಾರೆ. ಅರ್ಥ ಹೇಳುವಾಗ ಯಾರೂ, ಯಜಮಾನನೇ ಆಗಲಿ, ಅಡ್ಡ ಬಾಯಿ ಹಾಕಬಾರದು. ಅಪ್ಪನಿಗೆ ರಾಜನ ಪಾತ್ರವೆಂದರೆ ಪ್ರಾಣ. ಗಲ್ಲೆಯ ಹತ್ತಿರ ನಾಲ್ಕು ಮಾತಾಡದ ಮನುಷ್ಯ ರಾಜನಾದರೆ ಗಂಟೆಗಟ್ಟಲೆ ಧರ್ಮಶಾಸ್ತ್ರ ಹೇಳುತ್ತಿದ್ದರು. ವಾಸು ಮಾವ ಭಾಗವತರು. ಹೆಣ್ಣಿನ ಪಾತ್ರಗಳೆಲ್ಲ ಸಾಂಬಾರು ಮಾಡುವ ಶೀನ ಭಟ್ಟರಿಗೆ. ಎದೆಯ ತುಂಬ ಕೂದಲು, ಹೊಟ್ಟೆಯ ಮೇಲೆ ಒದ್ದೆ ಟವೆಲ್ಲು, ಆದರೆ "ಪ್ರಾಣನಾಥಾ" ಎಂದು ಬಾಯಿ ತೆರೆದರೆ ದೋಸೆ ಹಾಕುವವನ ಕಣ್ಣಲ್ಲೂ ನೀರು ಬರಬೇಕು.

ಅಂಥ ಮನೆಗೆ ಒಂದು ಬೆಳಿಗ್ಗೆ ಕಲ್ಯಾಣದಿಂದ ಸುನಂದತ್ತೆ ಒಬ್ಬಳೇ ಬಂದಳು. ಅಪ್ಪನ ಕೊನೆಯ ತಂಗಿ. ಕಲ್ಯಾಣದಲ್ಲಿ ನಮ್ಮವರದ್ದೇ ಒಂದು ದೊಡ್ಡ ಹೋಟೆಲಿನ ಮನೆತನಕ್ಕೆ ಕೊಟ್ಟಿದ್ದರು. ಮದುವೆಗೆ ಹೋದವರೆಲ್ಲ ಅಲ್ಲಿನ ಜಿಲೇಬಿಯನ್ನು ಎಷ್ಟೋ ಕಾಲ ನೆನೆಸಿಕೊಂಡಿದ್ದರಂತೆ. ಆ ದಿನ ಅತ್ತೆ ಹಿಂದಿನ ಬಾಗಿಲಿನಿಂದ ಬಂದು, ಚಪ್ಪಲಿ ಬಿಟ್ಟು, ನೇರ ರುಬ್ಬುವ ಕಲ್ಲಿನ ಮುಂದೆ ಕೂತು ಅಮ್ಮನ ಕೈಯಿಂದ ಗುಂಡು ತೆಗೆದುಕೊಂಡಳು. "ಎಂತ ಸುನಂದಾ, ಹೇಳದೆ ಕೇಳದೆ?" ಎಂದರೆ "ಸುಮ್ಮನೆ ಬಂದೆ ಅತ್ತಿಗೆ" ಎಂದಳು. ಅಷ್ಟೇ. ಮೈ ಇಳಿದಿತ್ತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಕಲ್ಯಾಣದ ನೀರು ಒಗ್ಗಲಿಲ್ಲವೋ ಏನೋ ಎಂದು ಅಮ್ಮ ಕಷಾಯ ಮಾಡಿಕೊಟ್ಟಳು. ವಾರ ಕಳೆಯಿತು, ತಿಂಗಳೂ ಕಳೆಯಿತು. ಅತ್ತೆ ಹೋಗುವ ಮಾತೆತ್ತಲಿಲ್ಲ, ಯಾಕೆ ಬಂದೆ ಎಂದೂ ಹೇಳಲಿಲ್ಲ. ಅಪ್ಪ ಎಷ್ಟು ಸಲ ಎದುರು ಕೂತು ಕೇಳಿದರು! "ಅವರು ಹೊಡೀತಾರಾ? ಬೈತಾರಾ? ಎಂತದು ಹೇಳು ಮಾರಾಯ್ತಿ. ಹೇಳಿದರಲ್ಲವಾ ನಾನು ಮಾತಾಡುವುದು?" ಅತ್ತೆ ತಲೆಯೆತ್ತುತ್ತಿರಲಿಲ್ಲ. "ಎಂತ ಇಲ್ಲ ಅಣ್ಣ." ಎಂತ ಇಲ್ಲ ಎಂದರೆ ಮತ್ತೆ ಯಾಕೆ ಬಂದದ್ದು ಎಂದು ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಕಡೆಗೆ ಕಲ್ಯಾಣದಿಂದ ಹೇಳಿ ಕಳಿಸಿದರು, ಹುಡುಗಿಗೆ ತಲೆ ಸರಿಯಿಲ್ಲ, ಆದರೂ ನಾವು ದೊಡ್ಡ ಮನಸ್ಸು ಮಾಡಿ ಕರೆದುಕೊಂಡು ಹೋಗುತ್ತೇವೆ ಎಂದು. ಅಪ್ಪ ಒಪ್ಪಿಕೊಂಡರು. ಒಪ್ಪಿಕೊಂಡ ದಿನ ಅವರೂ ಸರಿಯಾಗಿ ಉಣ್ಣಲಿಲ್ಲ.

ಕರೆದುಕೊಂಡು ಹೋಗಲು ಬಂದವರು ಅತ್ತೆಯ ಗಂಡನ ಅಣ್ಣ. ಎಲ್ಲರೂ ಅವರನ್ನು ಕಲ್ಯಾಣದ ರಾಯರು ಎನ್ನುತ್ತಿದ್ದರು. ಬಿಳಿ ಕೋಟು, ಬಂಗಾರದ ಕಟ್ಟಿನ ಕನ್ನಡಕ. ಸಂಜೆಯ ಲೋಕಲ್ಲಿಗೆ ಹೊರಡುವುದು ಎಂದಾಗಿತ್ತು. ಅತ್ತೆಯ ಟ್ರಂಕು ಹಿಂದಿನ ಬಾಗಿಲಲ್ಲಿ ಕಟ್ಟಿಟ್ಟಿತ್ತು. ಅಂದು ತಾಳಮದ್ದಳೆಯ ವಾರ. ದೊಡ್ಡ ಮನುಷ್ಯರು ಬಂದಿದ್ದಾರೆ, ಕೂಟ ನಿಲ್ಲಿಸಿದರೆ ಚೆನ್ನಾಗಿರುವುದಿಲ್ಲ ಎಂದು ಅವರನ್ನೇ ಮುಂದಿನ ಚಾಪೆಯಲ್ಲಿ ಕೂರಿಸಿ, ಒರಗಲು ದಿಂಬು ಕೊಟ್ಟರು. ಪ್ರಸಂಗ ಆರಿಸಿದ್ದು ವಾಸು ಮಾವ. ಊರಲ್ಲಿ ಯಾರೋ ಹಳಬರು ಕಟ್ಟಿದ, ಅಚ್ಚಾಗದ ಕಥೆ, ಮಾವನಿಗೆ ಬಾಯಿಪಾಠ. ಗಂಡನ ರಾಜ್ಯ ಬಿಟ್ಟು ತವರಿಗೆ ಬಂದ ತಂಗಿಗೆ ಅರಸನಾದ ಅಣ್ಣ ಬುದ್ಧಿ ಹೇಳಿ, ಪಲ್ಲಕ್ಕಿ ಹತ್ತಿಸಿ ತಿರುಗಿ ಕಳಿಸುವ ಕಥೆ. ರಾಯರಿಗೆ ಬಹಳ ಮೆಚ್ಚುಗೆಯಾಯಿತು. "ಸಂದರ್ಭಕ್ಕೆ ಸರಿಯಾಗಿ ಆರಿಸಿದ್ದೀರಿ" ಎಂದು ತಲೆದೂಗಿದರು. ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೇಕೆಂದೇ ಆರಿಸಿದ್ದೋ, ಸುಮ್ಮನೆ ಬಾಯಿಗೆ ಬಂದದ್ದೋ ನನಗೆ ಇಂದಿಗೂ ಗೊತ್ತಿಲ್ಲ.

ದೇವರ ಸ್ತುತಿ ಮುಗಿಯಿತು. ಅಪ್ಪ ರಾಜನಾಗಿ ತನ್ನ ರಾಜ್ಯದ ಸುಭಿಕ್ಷೆಯನ್ನೆಲ್ಲ ಹೊಗಳಿಕೊಂಡರು. ಇನ್ನು ತಂಗಿ ಬರಬೇಕು. ಶೀನ ಭಟ್ಟರು ಅಟ್ಟದ ಏಣಿಯಿಂದ ಇಳಿದು ಬಂದು, ಬಾಯಿಯ ಮೇಲೆ ಟವೆಲ್ಲು ಒತ್ತಿಕೊಂಡು ಕೈಯಾಡಿಸಿದರು. ಬೆಳಿಗ್ಗೆ ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದರು. ಕೆನ್ನೆ ಮೈಸೂರು ಬೋಂಡದ ಹಾಗೆ ಊದಿತ್ತು. "ರಾಜಕುಮಾರಿಗೆ ಇವತ್ತು ಹಲ್ಲುನೋವು ಮಾರಾಯ್ರೆ!" ಎಂದು ದೋಸೆ ಹಾಕುವವನು ಕೂಗಿದ. ಎಲ್ಲರೂ ನಕ್ಕರು. "ಹಾಗಾದರೆ ಇವತ್ತಿಗೆ ಬಿಡುವ" ಎಂದು ಅಪ್ಪ ಏಳಲು ಹೊರಟರು. ವಾಸು ಮಾವ ತಾಳ ಕೆಳಗಿಡಲಿಲ್ಲ. "ಸ್ತುತಿ ಹಾಡಿ ಆದ ಮೇಲೆ ಮಂಗಳ ಹಾಡದೆ ಏಳುವ ಕ್ರಮ ಇಲ್ಲ ಭಾವ. ಕೂತುಕೊಳ್ಳಿ. ನಾನು ಪದ ಹೇಳುತ್ತೇನೆ, ಅರ್ಥ ಬಂದರೆ ಬರಲಿ, ಬಾರದಿದ್ದರೆ ನೀವೇ ಮುಂದೆ ಮಾತಾಡಿ" ಎಂದು ತಂಗಿಯ ಪದ ಎತ್ತಿಯೇಬಿಟ್ಟರು. ಅವರ ದನಿಯೆಂದರೆ ಬೆಲ್ಲದ ಪಾಕ ಎಳೆ ಬಿಟ್ಟ ಹಾಗೆ. ಅಣ್ಣನ ಬಾಗಿಲಿಗೆ ಬಂದು ನಿಂತಿದ್ದೇನೆ, ನನ್ನನ್ನು ಮರಳಿ ಕಳಿಸಬೇಡ ಎನ್ನುವ ಅರ್ಥದ ಪದ. ಮುಗಿಯಿತು. ಮದ್ದಳೆಯೂ ನಿಂತಿತು. ಆ ಸುಮ್ಮಗಾದ ಹೊತ್ತಿನಲ್ಲಿ ನನ್ನ ಬೆನ್ನ ಹಿಂದಿನ ಹಸಿರು ಪರದೆಯೊಳಗಿಂದ ಒಂದು ದನಿ ಬಂತು.

"ಅಣ್ಣ ಮಹಾರಾಜಾ."

ನಾನು ತಿರುಗಿ ಪರದೆಯ ಸಂದಿಯಿಂದ ನೋಡಿದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಪರದೆ ಮುಖಕ್ಕೆ ತಾಗಿತ್ತು. ಮುಂಗೈ ತುಂಬ ಅಕ್ಕಿಹಿಟ್ಟು. ಹೊರಗೆ ಕೂತವರಿಗೆ ಅವಳ ಕಾಲು ಮಾತ್ರ ಕಾಣಿಸುತ್ತಿತ್ತು. ಅಪ್ಪ ಗಂಟಲು ಸರಿಮಾಡಿಕೊಂಡರು. ಅರ್ಥ ಬಂದಾಗಿತ್ತಲ್ಲ, ಉತ್ತರ ಕೊಡಲೇಬೇಕು. "ಏನು ತಂಗಿ? ಆನೆ ಕುದುರೆ ಭಂಡಾರ ಇರುವ ಅರಮನೆಗೆ ನಿನ್ನನ್ನು ಕೊಟ್ಟಿದ್ದೇನೆ. ಅಲ್ಲಿ ನಿನಗೆ ಏನು ಕೊರತೆ?" ಎಂದರು. ಪ್ರಸಂಗದ ಮಾತೇ. ಶೀನ ಭಟ್ಟರಾಗಿದ್ದರೆ ವಿರಹ, ದುಃಖ, ವಿಧಿ ಎಂದೆಲ್ಲ ಅರ್ಧ ಗಂಟೆ ಎಳೆಯುತ್ತಿದ್ದರು.

"ಅನ್ನ" ಎಂದಳು ಅತ್ತೆ.

ಅಪ್ಪನಿಗೆ ಅರ್ಥವಾಗಲಿಲ್ಲವೋ, ಕೇಳಬಾರದು ಎನಿಸಿತೋ, "ಏನೆಂದೆ?" ಎಂದರು. ಅತ್ತೆಯ ದನಿ ಬರಬರುತ್ತ ಗಟ್ಟಿಯಾಯಿತು. "ಅಣ್ಣ ಮಹಾರಾಜಾ, ನಿನ್ನ ಛತ್ರದಲ್ಲಿ ದಾರಿಯಲ್ಲಿ ಹೋಗುವ ಪರದೇಶಿಗೂ ಎಲೆ ಹಾಕಿ ಬಡಿಸುತ್ತಿ. ನಾನು ಹೋದ ಅರಮನೆಯಲ್ಲೂ ಸಾವಿರ ಜನ ಉಣ್ಣುತ್ತಾರೆ. ಮಕ್ಕಳಾಗದವಳ ಕೈ ತಾಗಿದರೆ ಭಂಡಾರ ಬತ್ತುತ್ತದಂತೆ. ಉಗ್ರಾಣಕ್ಕೆ ಬೀಗ, ಬೀಗದ ಕೈ ಅತ್ತೆಯ ಸೊಂಟದಲ್ಲಿ. ಎಲ್ಲರದೂ ಆಗಿ ಉಳಿದರೆ ನನಗೆ. ಉಳಿಯದ ದಿನ ನೀರು. ಹಸಿವಾಗುತ್ತದೆ ಎಂದು ಯಾರಿಗೆ ಹೇಳಲಿ? ಅಷ್ಟು ದೊಡ್ಡ ಅಡಿಗೆಮನೆಯವಳಿಗೆ ಹಸಿವು ಎಂದರೆ ಯಾರು ನಂಬುತ್ತಾರೆ? ನೀನು ನಂಬುತ್ತಿದ್ದೆಯಾ?"

ರಾಯರು ದಿಂಬು ಬಿಟ್ಟು ಎದ್ದರು. "ಇದೆಲ್ಲ ಪ್ರಸಂಗದಲ್ಲಿ ಇಲ್ಲ! ಏನು ಹುಚ್ಚಾಟ ಇದು?" ವಾಸು ಮಾವ ಅವರ ಕಡೆ ಮುಖ ಕೂಡ ತಿರುಗಿಸಲಿಲ್ಲ. "ಅರ್ಥದ ನಡುವೆ ಮಾತಾಡಬಾರದು ರಾಯರೇ. ತಾವು ತಿಳಿದವರು." ಶೀನ ಭಟ್ಟರು ಊದಿದ ಕೆನ್ನೆಯಲ್ಲೇ "ಹೂಂ" ಎಂದು ಗುಡುಗಿದರು. ಕೂತ ಅಷ್ಟೂ ಕೆಲಸದವರು ರಾಯರನ್ನು ನೋಡಿದ ರೀತಿಗೆ ಅವರು ತಿರುಗಿ ಕೂತರು. ಅಪ್ಪ ಮತ್ತೆ ರಾಜನಾಗಲು ನೋಡಿದರು. ಕುಲ, ಮರ್ಯಾದೆ, ಕೊಟ್ಟ ಮಾತು ಎಂದು ಏನೇನೋ ಹಿಡಿದು ಹೊರಟರು. ಅತ್ತೆ ತಡೆಯಲಿಲ್ಲ, ಅವರ ಮಾತು ಮುಗಿಯುವವರೆಗೆ ಕಾದಳು, ಕ್ರಮ ಹಾಗೇ ಅಲ್ಲವೇ. ಆಮೇಲೆ ಕೇಳಿದಳು: "ಹಸಿದವಳನ್ನು ಊಟವಿಲ್ಲದ ಮನೆಗೆ ಕಳಿಸಬೇಕು ಎಂದು ನೀನು ಓದಿದ ಯಾವ ಶಾಸ್ತ್ರದಲ್ಲಿ ಉಂಟು ಮಹಾರಾಜಾ? ಅದೊಂದನ್ನು ಹೇಳು. ಪಲ್ಲಕ್ಕಿ ಹತ್ತುತ್ತೇನೆ."

ಅಪ್ಪ ಮಾವನ ಕಡೆ ನೋಡಿದರು. ಎಷ್ಟೋ ಸಲ ಹೀಗೆ ಸಿಕ್ಕಿಕೊಂಡಾಗ ಮಾವ ಪದ ಎತ್ತಿ ಕಾಪಾಡಿದ್ದುಂಟು. ಈ ಸಲ ಮಾವ ಎರಡು ತಾಳಗಳನ್ನೂ ಮಡಿಲಲ್ಲಿಟ್ಟು, ಅವುಗಳ ಮೇಲೆ ಅಂಗೈ ಮುಚ್ಚಿ ಕೂತರು. ಹೊರಗೆ ರಸ್ತೆಯಲ್ಲಿ ಕಲಾಯಿ ಹಾಕುವವನು ಕೂಗಿಕೊಂಡು ಹೋದ. ಅಪ್ಪನ ಹಣೆಯ ಗಂಧ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು. ಆಮೇಲೆ ಅವರು ರಾಜನ ದನಿಯಲ್ಲೇ, ಆದರೆ ಬಹಳ ಮೆಲ್ಲಗೆ ಹೇಳಿದರು. "ಮಂತ್ರೀ, ಬಾಗಿಲಲ್ಲಿ ನಿಂತ ಪಲ್ಲಕ್ಕಿಯನ್ನು ಬರಿದಾಗಿ ತಿರುಗಿ ಕಳಿಸು. ತಂಗಿ ಬರುವುದಿಲ್ಲ. ಇದು ಅವಳ ಅರಮನೆ." ಪ್ರಸಂಗದಲ್ಲಿ ಇನ್ನೂ ಅರ್ಧ ಕಥೆ ಬಾಕಿ ಇತ್ತು. ಮಾವ ಅದನ್ನೆಲ್ಲ ಬಿಟ್ಟು, ತಾಳ ಎತ್ತಿ, ಸೀದಾ ಮಂಗಳ ಹಾಡಿದರು. ಹಾಡುವಾಗ ಅವರ ದನಿ ಒಡೆಯಿತು. ಮದ್ದಳೆಯವನು ಜೋರಾಗಿ ಬಾರಿಸಿ ಅದನ್ನು ಮುಚ್ಚಿದ.

ರಾಯರಿಗೆ ಅಪ್ಪ ಕೈಮುಗಿದು, "ಊಟ ಮಾಡಿಕೊಂಡು ಹೋಗಿ" ಎಂದರು. ಅದು ವ್ಯಂಗ್ಯವಲ್ಲ. ಹೋಟೆಲಿನವರಿಗೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸಿ ಗೊತ್ತಿಲ್ಲ. ರಾಯರು ಉಣ್ಣಲಿಲ್ಲ. ಕೋಟು ಕೊಡವಿಕೊಂಡು ಒಬ್ಬರೇ ಸ್ಟೇಷನ್ನಿನ ಕಡೆ ಹೋದರು. ಆಮೇಲೆ ಸಂಧಾನ, ಕೂಗಾಟ, ಸಂಬಂಧಿಕರ ಮಾತು ಎಲ್ಲ ಆಯಿತು. ಅಪ್ಪ ಒಂದಕ್ಕೂ ಜಗ್ಗಲಿಲ್ಲ. ನಾನು ದೊಡ್ಡವಳಾಗಿ ಮದುವೆಯಾದ ಮೇಲೆ ಒಮ್ಮೆ ಹಪ್ಪಳ ಲಟ್ಟಿಸುತ್ತ ಕೇಳಿದ್ದೆ, ಅಪ್ಪ ಅಷ್ಟು ಕೇಳಿದರೂ ಹೇಳದವಳು ಅಷ್ಟು ಜನರ ಮುಂದೆ ಹೇಗೆ ಹೇಳಿದೆ ಅತ್ತೆ ಎಂದು. ಅತ್ತೆ ಲಟ್ಟಣಿಗೆ ನಿಲ್ಲಿಸಲಿಲ್ಲ. "ಅಣ್ಣ ಕೇಳಿದ್ದು ಸುನಂದನ ಹತ್ತಿರ. ಅವಳಿಗೆ ನಾಚಿಕೆಯಾಗುತ್ತಿತ್ತು. ರಾಜನ ತಂಗಿಗೆ ಎಂತ ನಾಚಿಕೆ?" ಎಂದು ನಕ್ಕಳು. ಶ್ರಾವ್ಯಾಳಿಗೆ ಇದನ್ನು ಹೇಳಿದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಕನ್ನಡದಲ್ಲೇ, ಹುಡುಕಿ ಹುಡುಕಿ, "ನನಗೂ ಮೈಕಿನ ಮುಂದೆ ಹಾಗೇ ಆಯ್ತು ಅಜ್ಜಿ. ನಾನು ಅಲ್ಲ ಅಂತ ಆಯ್ತು, ಅದಕ್ಕೇ ಹೆದರಿಕೆ ಹೋಯ್ತು" ಎಂದಳು.

ಸುನಂದತ್ತೆ ಮತ್ತೆಂದೂ ಅರ್ಥ ಹೇಳಲಿಲ್ಲ. ಬೇಕಾಗಲಿಲ್ಲ ಎಂದು ಕಾಣುತ್ತದೆ. ಉಪ್ಪಿನಕಾಯಿ ಹಾಕಿದಳು, ನಮ್ಮನ್ನೆಲ್ಲ ಸಾಕಿದಳು, ಮೈಕೈ ತುಂಬಿಕೊಂಡಳು, ಡೊಂಬಿವಲಿಯ ನನ್ನ ಮನೆಯಲ್ಲಿ ಹಣ್ಣು ಹಣ್ಣು ಮುದುಕಿಯಾಗಿ ತೀರಿಕೊಂಡಳು. ಅವಳಿಗಿಂತ ಮೊದಲೇ ಅಪ್ಪ, ಅಮ್ಮ, ವಾಸು ಮಾವ ಹೋಗಿದ್ದರು. ಶೀನ ಭಟ್ಟರು ಊರಿಗೆ ಹೋದವರು ಏನಾದರೋ ತಿಳಿಯಲಿಲ್ಲ. ಹೋಟೆಲಿದ್ದಲ್ಲಿ ಈಗ ಟವರು. ಕೆಳಗೆ ಮೊಬೈಲ್ ಅಂಗಡಿ, ಕನ್ನಡಕದ ಅಂಗಡಿ. ರಿಕ್ಷಾದಲ್ಲಿ ಹೋಗುವಾಗ ನಾನು ತಲೆ ಹೊರಗೆ ಹಾಕಿ ನೋಡುತ್ತೇನೆ, ಅಡಿಗೆಮನೆ ಯಾವ ಕಡೆಗಿತ್ತು ಎಂದು ಕೂಡ ಅಂದಾಜಾಗುವುದಿಲ್ಲ. ಈಗ ಅಷ್ಟು ಸಂಕಟವಾಗುವುದಿಲ್ಲ. ಅಲ್ಲಿ ಏನಾಗಬಾರದಿತ್ತೋ ಅದು ಆಗಲಿಲ್ಲ ಎಂಬ ಸಮಾಧಾನ ದೊಡ್ಡದು.

ಆ ಮಧ್ಯಾಹ್ನ ರಾಯರು ಹೋದ ಮೇಲೆ ಅಪ್ಪ ಅಡಿಗೆಮನೆಗೆ ಬಂದು ಅತ್ತೆಯ ಮುಂಗೈ ಹಿಡಿದು ಆಚೆ ಕರೆದುಕೊಂಡು ಹೋದರು. ಅವಳು ಹಿಂಜರಿದಳು. ಅವರು ಬಿಡಲಿಲ್ಲ. ಹೋಟೆಲಿನ ನಡುಮಧ್ಯದ ಕಲ್ಲಿನ ಮೇಜಿನ ಮುಂದೆ ಕೂರಿಸಿ, ಎಲೆ ಹಾಕಿ, ತಾವೇ ಬಡಿಸಲು ನಿಂತರು. ಅಮ್ಮ ಒಳಗಿಂದ ಒಂದೊಂದೇ ಪಾತ್ರೆ ಕೊಟ್ಟಳು. ಆಮೇಲೆ ಅಮ್ಮನನ್ನೂ ಕರೆದು ಎದುರಿಗೆ ಕೂರಿಸಿದರು. ಇಬ್ಬರೂ ಮೊದಲು ಎಲೆಯನ್ನೇ ನೋಡುತ್ತ ಕೂತಿದ್ದರು, ಆಮೇಲೆ ಉಂಡರು. ಅನ್ನ, ಸಾರು, ಗಟ್ಟಿ ಮೊಸರು. ಕೆಲಸದವರೆಲ್ಲ ಗೋಡೆಗೆ ಒರಗಿ ನಿಂತು, ಎಲ್ಲಿ ಸದ್ದಾದೀತೋ ಎಂದು ಲೋಟ ಕೂಡ ಮುಟ್ಟಲಿಲ್ಲ. ಚಾ ಹೊತ್ತು ಮೀರಿತು. ಹೊರಗೆ ಗಿರಾಕಿಗಳು ಸೇರಿ ಬಾಗಿಲು ತಟ್ಟತೊಡಗಿದರು, "ಓ ಶೇಟ್, ದುಕಾನ್ ಬಂದ್ ಹೈ ಕ್ಯಾ?" ಎಂದು ಯಾರೋ ಕೂಗಿದರು. ಅಪ್ಪ ಸಾರಿನ ಸೌಟು ಹಿಡಿದುಕೊಂಡೇ ಬಾಗಿಲ ಕಡೆ ತಿರುಗಿ, ತಮ್ಮ ಹರಕು ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದರು:

"ಥಾಂಬಾ! ಘರ್‌ಚೇ ಜೇವ್‌ತಾಯತ್."

ಸ್ವಲ್ಪ ತಡೆಯಿರಿ, ಮನೆಯವರು ಉಣ್ಣುತ್ತಿದ್ದಾರೆ.